ಸರ್ವಲೋಕದ ಸರಕಾರಕ್ಕೆ ಮೇರೆ ಬೇಕೋ?



ಲೋಕದ ಎಲ್ಲಾ ಜನಾಂಗಗಳ ಮೇಲೆ, ಎಲ್ಲರೂ ಆರಿಸಿ ಕಳುಹಿಸಿದ ಒಂದು ಸರಕಾರವು ಇರತಕ್ಕದ್ದೋ, ಇರುವದಾದರೆ ಅದರ ಅಧಿಕಾರವು ಎಲ್ಲಿಯ ವರೆಗೆ ಇರತಕ್ಕದ್ದು ಎಂಬ ಪ್ರಶ್ನೆಯು ದೊಡ್ಡ ಪಟ್ಟಣದ ಪಂಡಿತರದು, ಹೊಲಮನೆಯ ಕೆಲಸ ಮಾಡುವ ನಮಗೆ ಅದರಿಂದ ಆಗಬೇಕಾದದ್ದೇನು ಎಂದು ಕೆಲವರು ಕೇಳಬಹುದು. ಆದರೆ ಹಾರೂಗೇರಿಯ ಸೀಮೆಯಲ್ಲಿ ಕೃಷ್ಣಾ ನದಿಯನ್ನು ನಂಬಿ ಬಾಳುವವರಿಗೆ ಈ ಪ್ರಶ್ನೆಯು ದೂರದ್ದಲ್ಲ. 2019ನೇ ಇಸವಿಯನ್ನು ನೆನಸಿರಿ. ಆ ಬೇಸಿಗೆಯಲ್ಲಿ ನದಿಯು ಬತ್ತಿ, ರಾಯಬಾಗ, ಅಥಣಿ, ಚಿಕ್ಕೋಡಿ ತಾಲೂಕುಗಳ ಊರುಗಳಲ್ಲಿ ಕುಡಿಯುವ ನೀರಿಗೂ ತತ್ವಾರವಾಯಿತು. ಮೇಲಿನ ಕೊಯ್ನಾ ಆಣೆಕಟ್ಟಿನಿಂದ ನೀರು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ ಅದೇ ನದಿಯು ದಂಡೆ ಮೀರಿ ಬಂದು ಮನೆಗಳನ್ನೂ ಕಬ್ಬಿನ ಹೊಲಗಳನ್ನೂ ಮುಳುಗಿಸಿತು. ನೀರು ಇಲ್ಲದಾಗಲೂ ನೀರು ಹೆಚ್ಚಾದಾಗಲೂ ನಮ್ಮ ಊರ ಪಂಚರ ಕೈಯಲ್ಲಿ ಏನೂ ಇರಲಿಲ್ಲ. ಮೇಲಿನವರ ಬಾಗಿಲುಗಳ ಮೇಲೆ ಕೆಳಗಿನವರ ಜೀವನವು ನಿಂತಿರುವಲ್ಲಿ, ಇಬ್ಬರಿಗೂ ಮೇಲಾದ ನ್ಯಾಯಾಧಿಪತಿಯೊಬ್ಬನು ಬೇಕೋ ಬೇಡವೋ? ಬೇಕಾದರೆ ಅವನ ಅಧಿಕಾರದ ಬಾಂದುಕಲ್ಲು ಎಲ್ಲಿರಬೇಕು? ಈ ಎರಡು ಪ್ರಶ್ನೆಗಳೇ ಬೆಳೆದು ಸರ್ವಲೋಕದ ಸರಕಾರದ ಪ್ರಶ್ನೆಯಾಗುತ್ತವೆ.

ಮೊದಲು, ಮೇಲಿನ ಅಧಿಕಾರವು ಯಾಕೆ ಬೇಕೆಂಬದನ್ನು ವಿಚಾರಿಸೋಣ. ಒಂದು ಕಾಲುವೆಯಿಂದ ನಾಲ್ಕು ಹೊಲಗಳಿಗೆ ನೀರು ಹೋಗುವಾಗ ಪ್ರತಿಯೊಬ್ಬನು ತನ್ನ ಹೊಲಕ್ಕೆ ತಾನೇ ಯಜಮಾನನು. ಕಾಲುವೆಗಾದರೋ ಅವರಲ್ಲಿ ಯಾವನೂ ಯಜಮಾನನಲ್ಲ. ಅಲ್ಲಿ ಪಾಳಿ ಬೇಕು. ಪಾಳಿಯನ್ನು ಮುರಿಯುವವನನ್ನು ತಡೆಯುವವನೂ ಬೇಕು. ಇಲ್ಲವಾದರೆ ಮೊದಲಿನ ಹೊಲದವನು ನಡುರಾತ್ರಿಯಲ್ಲಿ ಒಡ್ಡು ಒಡೆಯುವನು, ಕೊನೆಯ ಹೊಲದವನು ಗುದ್ದಲಿ ಹಿಡಿದು ಬರುವನು. ರಾಜ್ಯಗಳ ಸಂಗತಿಯೂ ಹಾಗೆಯೇ. ಈ ದೇಶದಲ್ಲಿ ನದಿಗಳ ತಕರಾರು ತೀರಿಸುವದಕ್ಕಾಗಿ 1956ರಲ್ಲಿ ಒಂದು ಕಾಯಿದೆ ಆಯಿತು. ಅದರ ಪ್ರಕಾರ 1969ರಲ್ಲಿ ಬಚಾವತ್ ಎಂಬ ನ್ಯಾಯಮೂರ್ತಿಗಳ ಮುಂದಾಳುತನದಲ್ಲಿ ಕೃಷ್ಣಾ ನ್ಯಾಯಮಂಡಳಿಯು ನೇಮಕವಾಗಿ, 1973ರಲ್ಲಿ ತನ್ನ ತೀರ್ಪನ್ನೂ 1976ರಲ್ಲಿ ಅದರ ಮುಂದಿನ ವರದಿಯನ್ನೂ ಕೊಟ್ಟಿತು. ಒಟ್ಟು 2,060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಪ್ರದೇಶಕ್ಕೆ 800 ಎಂದು ಪಾಲು ಮಾಡಲ್ಪಟ್ಟಿತು. ಒಂದು ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ. ಆ ಮೇಲೆಯೂ ತಕರಾರು ಮುಗಿಯಲಿಲ್ಲ. 2004ರಲ್ಲಿ ಎರಡನೆಯ ಮಂಡಳಿಯು ನೇಮಕವಾಗಿ 2010ರಲ್ಲಿ ತೀರ್ಪು ಹೇಳಿತು, ಅದರ ಮೇಲೆಯೂ ವಾದಗಳು ಎದ್ದವು. ಇದು ನಿಧಾನವಾದ ದಾರಿಯೆಂಬದು ನಿಜ. ಆದರೂ ಐವತ್ತಕ್ಕಿಂತ ಹೆಚ್ಚು ವರುಷಗಳಿಂದ ಈ ರಾಜ್ಯಗಳು ದಂಡು ಕಟ್ಟಿಕೊಂಡು ಬಾರದೆ ವಕೀಲರನ್ನು ಕಟ್ಟಿಕೊಂಡು ಬಂದಿವೆ ಎಂಬದು ಸಣ್ಣ ಮಾತಲ್ಲ.

ರಾಷ್ಟ್ರ ರಾಷ್ಟ್ರಗಳ ನಡುವೆ ಇಂಥ ಏರ್ಪಾಡು ಪೂರ್ಣವಾಗಿ ಇಲ್ಲ. 1920ರಲ್ಲಿ ಆರಂಭವಾದ ರಾಷ್ಟ್ರಸಂಘವು, ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಹೊರತು ಏನನ್ನೂ ಮಾಡಲಾರದೆ, 1931ರಲ್ಲಿ ಜಪಾನವು ಮಂಚೂರಿಯವನ್ನು ಹಿಡಿದಾಗಲೂ 1935ರಲ್ಲಿ ಇಟಲಿಯು ಅಬಿಸೀನಿಯದ ಮೇಲೆ ಬಿದ್ದಾಗಲೂ ಸೋತುಹೋಯಿತು. ಮುಂದೆ ಬಂದ ಮಹಾಯುದ್ಧದ ನಡುವೆ, 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಸಮಿತಿಯು ಬ್ರಿಟಿಷರು ಹೊರಡಬೇಕೆಂದು ಮಾಡಿದ ಠರಾವಿನಲ್ಲಿಯೇ, ಸ್ವತಂತ್ರ ರಾಷ್ಟ್ರಗಳ ಒಂದು ಲೋಕ ಒಕ್ಕೂಟವು ಬೇಕೆಂಬ ಮಾತು ಕೂಡ ಇತ್ತು. 1945ರಲ್ಲಿ ವಿಶ್ವಸಂಸ್ಥೆಯು ಹುಟ್ಟಿತು. ಅದರ ಸನ್ನದಿಗೆ ಹಿಂದೂಸ್ಥಾನದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು, ಮರುವರುಷ ಮೈಸೂರಿನ ದಿವಾನರಾದ ಸರ್ ಎ. ರಾಮಸ್ವಾಮಿ ಮುದಲಿಯಾರರು. ಈಗ ಆ ಸಂಸ್ಥೆಯಲ್ಲಿ 193 ರಾಷ್ಟ್ರಗಳು ಇವೆ. ಆದರೆ ಅದು ಸರಕಾರವಲ್ಲ. ಅದರ ಭದ್ರತಾ ಮಂಡಳಿಯಲ್ಲಿ ಐದು ರಾಷ್ಟ್ರಗಳಿಗೆ ವೀಟೋ ಎಂಬ ತಡೆಯುವ ಹಕ್ಕು ಇರುವದರಿಂದ, ಆ ಐವರಲ್ಲಿ ಒಬ್ಬನು ಒಡ್ಡು ಒಡೆದರೆ ಕೇಳುವವನಿಲ್ಲ. ಹೇಗ್ ಪಟ್ಟಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಉಂಟು. ಮಂಗಳೂರಿನವರಾದ ಸರ್ ಬೆನಗಲ್ ನರಸಿಂಗ ರಾಯರು 1952ರಲ್ಲಿ ಅಲ್ಲಿ ನ್ಯಾಯಾಧೀಶರಾದರು. ಆದರೆ ಎರಡೂ ಪಕ್ಷದ ರಾಷ್ಟ್ರಗಳು ಅದರ ಅಧಿಕಾರಕ್ಕೆ ಒಪ್ಪಿರದ ಹೊರತು ಆ ನ್ಯಾಯಾಲಯವು ತಕರಾರನ್ನು ತೀರಿಸಲಾರದು. ಪ್ರತಿವಾದಿಯು ಒಪ್ಪಿದರೆ ಮಾತ್ರ ಕೂಡ್ರುವ ಪಂಚಾಯತಿಯಿಂದ ಊರಲ್ಲಿ ಎಷ್ಟು ನ್ಯಾಯ ನಡೆದೀತೆಂಬದನ್ನು ನೀವೇ ಬಲ್ಲಿರಿ.

ಹೀಗಿರಲಾಗಿ, ಯುದ್ಧ, ಅಣುಬಾಂಬು, ಸೀಮೆ ದಾಟುವ ರೋಗ, ಸೀಮೆ ದಾಟುವ ನೀರು ಗಾಳಿ, ಇವುಗಳಿಗೆ ಒಂದು ಮೇಲಿನ ಅಧಿಕಾರವು ಬೇಕೆಂದು ಒಪ್ಪೋಣ. ಆ ಅಧಿಕಾರವನ್ನು ಮೇರೆಯಿಲ್ಲದೆ ಕೊಟ್ಟರೆ ಆಗುವದೇನು? ಇದಕ್ಕೆ ಉತ್ತರವನ್ನು ಬೆಳಗಾವಿ ಜಿಲ್ಹೆಯವರು ಬೇರೆ ಎಲ್ಲಿಯೂ ಹುಡುಕಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೇಸಾಯಿಯು ದತ್ತಕ ಮಗನನ್ನು ತೆಗೆದುಕೊಂಡು ತೀರಿಹೋದಾಗ, ಧಾರವಾಡದಲ್ಲಿದ್ದ ಕಂಪನಿ ಸರಕಾರದ ಅಧಿಕಾರಿ ಥ್ಯಾಕರೆಯು ಆ ದತ್ತಕವು ನಡೆಯದೆಂದು ಹೇಳಿ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಒಂದು ಮನೆಯಲ್ಲಿ ಮಗನು ಯಾರೆಂಬದನ್ನು ಸಹ ಮೇಲಿನವನು ಹೇಳಬಹುದೆಂದಾದ ಮೇಲೆ ಇನ್ನು ಉಳಿದದ್ದೇನು? ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆಯು ಸತ್ತನು. ಡಿಸೆಂಬರಿನಲ್ಲಿ ಕೋಟೆಯು ಬಿತ್ತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆ ಮೇಲೆ ಉಳಿದ ಕೊಲ್ಲಾಪುರ, ಸಾಂಗಲಿ, ಜಮಖಂಡಿ ಮುಂತಾದ ಸಂಸ್ಥಾನಗಳವರು ತಮ್ಮ ಮೇಲಿನ ಬ್ರಿಟಿಷ್ ಸಾರ್ವಭೌಮತ್ವವು ಎಲ್ಲಿಂದ ಎಲ್ಲಿಯ ವರೆಗೆ ಎಂಬದನ್ನು ತಿಳಿಯಲಾರದೆ ಇದ್ದರು. ದೇಶದ ಅರಸರು ಆ ಮೇರೆಯನ್ನು ಬರೆದು ಕೊಡಿರೆಂದು ಕೇಳಿಕೊಂಡಾಗ, ಬಟ್ಲರ್ ಸಮಿತಿಯು 1929ರ ತನ್ನ ವರದಿಯಲ್ಲಿ ಅದನ್ನು ಬರೆದು ಕೊಡಲಿಲ್ಲ. ಬರೆಯದ ಮೇರೆಯು ಯಾವಾಗಲೂ ಬಲವುಳ್ಳವನ ಕಡೆಯಿಂದ ಸರಿಯುತ್ತಾ ಬರುತ್ತದೆ.

ಅದು ಪರರ ಆಳಿಕೆಯಾಗಿತ್ತು, ಜನರೇ ಆರಿಸಿದ ಸರಕಾರವು ಹಾಗೆ ಮಾಡದು ಎಂದು ಯಾರಾದರೂ ಹೇಳಿದರೆ, ಅವರು 1989ನ್ನು ನೆನಸಲಿ. ಆ ವರುಷ ಏಪ್ರಿಲ್ 21ರಂದು, ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಸರಕಾರವು ರಾಜ್ಯಾಂಗದ 356ನೇ ಕಲಮಿನ ಪ್ರಕಾರ ತೆಗೆದುಹಾಕಲ್ಪಟ್ಟಿತು. ತನ್ನ ಕಡೆಗೆ ಎಷ್ಟು ಮಂದಿ ಇದ್ದಾರೆಂಬದನ್ನು ವಿಧಾನಸಭೆಯಲ್ಲಿಯೇ ಎಣಿಸಿರಿ ಎಂದು ಅವರು ಕೇಳಿಕೊಂಡದ್ದು ನಡೆಯಲಿಲ್ಲ. ತೆಗೆದುಹಾಕಿದ ಕೇಂದ್ರ ಸರಕಾರವೂ ಜನರ ಮತದಿಂದಲೇ ಬಂದದ್ದಾಗಿತ್ತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಕೂತು, ಇಂಥ ಅಪ್ಪಣೆಯನ್ನು ಕೋರ್ಟು ಪರೀಕ್ಷಿಸಬಹುದೆಂದೂ, ಮಂತ್ರಿಮಂಡಲದ ಬಲವನ್ನು ಸಭೆಯಲ್ಲಿಯೇ ನೋಡತಕ್ಕದ್ದೆಂದೂ ತೀರ್ಪು ಕೊಟ್ಟರು. ಆ ದಿನದಿಂದ ಮೇಲಿನ ಕೈಗೆ ಒಂದು ಕಟ್ಟು ಬಿತ್ತು. ಅದು ಕೇಂದ್ರದ ಮೇಲೆ ಮಾಡಿದ ಅಪನಂಬಿಕೆಯಲ್ಲ. ನಂಬಿಕೆಗೆ ಹಾಕಿದ ಬೇಲಿ.

ಲೋಕದ ಸರಕಾರದಲ್ಲಿ ಈ ಬೇಲಿಯು ಇನ್ನೂ ಹೆಚ್ಚಾಗಿ ಬೇಕು. ಲೆಕ್ಕ ಮಾಡಿ ನೋಡಿರಿ. ದಿಲ್ಲಿಯ ಲೋಕಸಭೆಯಲ್ಲಿ 543 ಸ್ಥಾನಗಳಿದ್ದು ಅವುಗಳಲ್ಲಿ ಕರ್ನಾಟಕದವು 28. ಕರ್ನಾಟಕದ ಜನಸಂಖ್ಯೆಯು 2011ರ ಖಾನೇಸುಮಾರಿಯ ಪ್ರಕಾರ 6 ಕೋಟಿ 11 ಲಕ್ಷ. ಲೋಕದ ಜನಸಂಖ್ಯೆಯು 2022ರಲ್ಲಿ 800 ಕೋಟಿಯನ್ನು ಮುಟ್ಟಿತು. ತಲೆಗೊಂದು ಮತವೆಂದು ಎಣಿಸಿದರೆ ಆ ದೊಡ್ಡ ಸಭೆಯಲ್ಲಿ ಕನ್ನಡ ನಾಡಿನ ಮಾತು ನೂರರಲ್ಲಿ ಒಂದು ಪಾಲೂ ಆಗದು. ರಾಷ್ಟ್ರಕ್ಕೊಂದು ಮತವೆಂದು ಎಣಿಸಿದರೆ ಕೆಲವೇ ಸಾವಿರ ಜನರ ಒಂದು ದ್ವೀಪವೂ ನೂರನಾಲ್ವತ್ತು ಕೋಟಿಗೆ ಮೀರಿದ ಈ ದೇಶವೂ ಸಮವಾಗುತ್ತವೆ. ಯಾವ ರೀತಿಯಲ್ಲಿ ಎಣಿಸಿದರೂ, ನಮ್ಮನ್ನು ಕಂಡರಿಯದವರ ಬಹುಮತವು ನಮ್ಮ ಮೇಲೆ ಇರುವದು. ಬಹುಮತವು ಅರಸನ ಕತ್ತಿಗಿಂತ ಉತ್ತಮವಾದದ್ದು. ಆದರೆ ಅಲ್ಪಸಂಖ್ಯೆಯವನ ಕುತ್ತಿಗೆಗೆ ಅದೂ ಕತ್ತಿಯಾಗಬಲ್ಲದು. ಊರಿನಲ್ಲಿ ನಾಲ್ಕೇ ಮನೆಗಳವರಾಗಿ ಬಾಳುವವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಆದದರಿಂದ ಅಧಿಕಾರಕ್ಕೆ ಬಿಗಿಯಾದ ಮೇರೆ ಬೇಕೆಂದು ಹೇಳಿ ಇಲ್ಲಿಯೇ ನಿಲ್ಲಿಸುವದು ಸುಲಭ. ಆದರೆ ಸಹೋದರರೇ, ಸಹೋದರಿಯರೇ, ಇನ್ನೊಂದು ಕಡೆಯನ್ನು ನೋಡದೆ ಮುಗಿಸುವದು ನ್ಯಾಯವಲ್ಲ. ಮೇರೆಯು ಬಡವನಿಗೆ ಬೇಲಿಯಾಗುವ ಹಾಗೆ ಅನ್ಯಾಯಗಾರನಿಗೆ ಕೋಟೆಯೂ ಆಗುತ್ತದೆ. ವಿಶ್ವಸಂಸ್ಥೆಯ ಸನ್ನದಿನಲ್ಲಿ, ರಾಷ್ಟ್ರಗಳ ಮನೆಯೊಳಗಿನ ವಿಷಯಗಳಲ್ಲಿ ಸಂಸ್ಥೆಯು ಕೈಹಾಕಕೂಡದೆಂಬ ನಿಯಮವುಂಟು. 1946ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿದ್ದ ಹಿಂದೂಸ್ಥಾನದ ಜನರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಜಯಲಕ್ಷ್ಮಿ ಪಂಡಿತರು ಆ ಸಭೆಯ ಮುಂದೆ ಇಟ್ಟಾಗ, ಆ ದೇಶದ ಪ್ರಧಾನಿ ಜನರಲ್ ಸ್ಮಟ್ಸರು ಇದೇ ನಿಯಮವನ್ನು ಹಿಡಿದು, ಇದು ನಮ್ಮ ಮನೆಯ ಮಾತು ಎಂದು ವಾದಿಸಿದರು. ಸನ್ನದಿನ ಪೀಠಿಕೆಯನ್ನು ಬರೆಯುವದರಲ್ಲಿ ಕೈಯಿದ್ದವರೇ ಅವರು! ಸಭೆಯು ಮೂರರಲ್ಲಿ ಎರಡು ಪಾಲಿನ ಮತದಿಂದ ಹಿಂದೂಸ್ಥಾನದ ಪರವಾಗಿ ಠರಾವು ಮಾಡಿತು. ಆದರೂ ಆ ದೇಶಕ್ಕೆ ಯಾರೂ ಆಯುಧಗಳನ್ನು ಮಾರಕೂಡದೆಂದು ಭದ್ರತಾ ಮಂಡಳಿಯು ಕಡ್ಡಾಯದ ಅಪ್ಪಣೆ ಮಾಡಿದ್ದು 1977ರಲ್ಲಿ. ಎಲ್ಲಾ ವರ್ಣದವರೂ ಕೂಡಿ ಮತ ಹಾಕಿದ್ದು 1994ರಲ್ಲಿ. ಅಷ್ಟು ಕಾಲ ಆ ಕರಿಯ ಜನರು ಮೇರೆಯ ಆಚೆಯಲ್ಲಿದ್ದು ಒದ್ದಾಡಿದರು.

ದೂರದ ದೃಷ್ಟಾಂತ ಯಾಕೆ? ರಾಯಬಾಗವು ಮೊದಲು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಶಾಹು ಮಹಾರಾಜರು 1902ರಲ್ಲಿ, ಖಾಲಿಯಾಗುವ ಸರಕಾರಿ ಕೆಲಸಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಕೊಡಬೇಕೆಂದು ಅಪ್ಪಣೆ ಮಾಡಿದರು. 1919ರಲ್ಲಿ ಅಸ್ಪೃಶ್ಯರ ಮಕ್ಕಳ ಬೇರೆ ಶಾಲೆಗಳನ್ನು ಮುಚ್ಚಿಸಿ ಅವರನ್ನು ಎಲ್ಲರ ಸಂಗಡ ಕೂಡ್ರಿಸಬೇಕೆಂದರು. ಇದನ್ನು ಊರ ಪಂಚರ ಮತಕ್ಕೆ ಹಾಕಿದ್ದರೆ ಎಷ್ಟು ಊರುಗಳು ಒಪ್ಪುತ್ತಿದ್ದವು? 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 17ನೇ ಕಲಮು ಅಸ್ಪೃಶ್ಯತೆಯನ್ನು ತೆಗೆದುಹಾಕಿದಾಗ, ಅದು ಯಾವ ಊರಿನ ಗೌಡನನ್ನೂ ಕುಲಕರ್ಣಿಯನ್ನೂ ಕೇಳಲಿಲ್ಲ. ಭಾವಿಯ ಕಟ್ಟೆಯಿಂದ ಅಟ್ಟಲ್ಪಟ್ಟವರಿಗೆ, ಊರಿನ ಸ್ವಾತಂತ್ರ್ಯವೆಂಬ ಮಾತು ತಮ್ಮನ್ನು ಅಟ್ಟುವವರ ಸ್ವಾತಂತ್ರ್ಯವಾಗಿ ಕೇಳಿಸಿತು. ದೂರದ ಸರಕಾರದ ಕಾಗದವೇ ಅವರಿಗೆ ಬಿಡುಗಡೆಯಾಗಿ ಬಂತು. ಮೇಲಿನ ಅಧಿಕಾರವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದು ಹೇಳುವವನು ಸಾಧಾರಣವಾಗಿ ಕೆಳಗಿನ ಅಧಿಕಾರವನ್ನು ಹಿಡಿದವನೇ ಆಗಿರುತ್ತಾನೆ.

ಹಾಗಾದರೆ ಈ ಎರಡು ಸತ್ಯಗಳನ್ನು ಕೂಡಿಸುವದು ಹೇಗೆ? ಒಂದು ಮನೆಯ ದೃಷ್ಟಾಂತವನ್ನು ತೆಗೆದುಕೊಳ್ಳಿರಿ. ನೆರೆಯವನ ಒಲೆಯ ಮೇಲೆ ಏನು ಬೇಯುತ್ತದೆ, ಅವನು ಮಗಳಿಗೆ ಏನು ಹೆಸರಿಟ್ಟನು, ಮನೆಯಲ್ಲಿ ಯಾವ ಮಾತು ಆಡುತ್ತಾನೆ, ಯಾರನ್ನು ಆರಾಧಿಸುತ್ತಾನೆ ಎಂದು ವಿಚಾರಿಸಿ ಅಪ್ಪಣೆ ಕೊಡುವ ಅಧಿಕಾರವು ಓಣಿಯವರಿಗಿಲ್ಲ. ಆದರೆ ಆ ಮನೆಯೊಳಗಿಂದ ಹೊಡೆತ ತಿನ್ನುವ ಹೆಂಗಸಿನ ಕೂಗು ಕೇಳಿಬಂದರೆ, ಇದು ಅವರ ಮನೆಯ ಮಾತು ಎಂದು ಸುಮ್ಮನೆ ಮಲಗುವ ಅಧಿಕಾರವೂ ಓಣಿಯವರಿಗಿಲ್ಲ. ಬಾಗಿಲು ತಟ್ಟಬೇಕು, ಹೊಡೆಯುವ ಕೈಯನ್ನು ಹಿಡಿಯಬೇಕು, ಹಿಡಿದ ಮೇಲೆ ಆ ಮನೆಯಲ್ಲಿಯೇ ವಾಸ ಮಾಡದೆ, ಅಟ್ಟದ ಮೇಲಿನ ಕಾಳಿನ ಚೀಲವನ್ನು ಎತ್ತಿಕೊಳ್ಳದೆ ಹೊರಗೆ ಬರಬೇಕು. ಬಲಿಷ್ಠ ರಾಷ್ಟ್ರಗಳು ರಕ್ಷಿಸುವ ನೆವದಿಂದ ಒಳಗೆ ಹೋಗಿ ಹೊರಗೆ ಬಾರದೆ ಇದ್ದದ್ದನ್ನು ಲೋಕವು ಬಹಳ ಸಾರಿ ಕಂಡಿದೆ.

ಆದಕಾರಣ ನನ್ನ ಅಭಿಪ್ರಾಯವು ಇದು. ಲೋಕದ ಸರಕಾರವು ಭಾವಿಯ ಹಾಗೆ ಇರಬೇಕು; ಅಗಲ ಕಡಿಮೆ, ಆಳ ಹೆಚ್ಚು. ಅದರ ಕೈಗೆ ಬರುವ ವಿಷಯಗಳು ಕೆಲವೇ ಇರಲಿ; ಆ ಕೆಲವುಗಳಲ್ಲಿ ಅದರ ಮಾತು ತಳದ ವರೆಗೆ ಮುಟ್ಟಲಿ. ಅಗಲವಾಗಿ ಹರಡಿದ ತೆಳುವಾದ ನೀರು ಬೇಸಿಗೆಯಲ್ಲಿ ಆರಿಹೋಗುವದು. ಎಲ್ಲವನ್ನೂ ಮುಚ್ಚಿ ಬರುವ ಆಳವಾದ ನೀರು ನೆರೆಯೇ ಸರಿ.

ಇದಕ್ಕೆ ಮೂರು ಗುರುತುಗಳನ್ನು ಹೇಳಬಹುದು. ಮೊದಲನೆಯದು, ವಿಷಯಗಳ ಪಟ್ಟಿ. ನಮ್ಮ ರಾಜ್ಯಾಂಗವು ಆರಂಭದಲ್ಲಿ ಕೇಂದ್ರಕ್ಕೆ 97, ರಾಜ್ಯಗಳಿಗೆ 66, ಇಬ್ಬರಿಗೂ ಸೇರಿದವು 47 ಎಂದು ವಿಷಯಗಳನ್ನು ಬರೆದು ಹಂಚಿತು. ಲೋಕದ ಸರಕಾರಕ್ಕೆ ಅಷ್ಟು ಉದ್ದವಾದ ಪಟ್ಟಿಯು ಬೇಡ. ಕೆಳಗಿನವರು ಎಷ್ಟು ಪ್ರಯತ್ನಪಟ್ಟರೂ ಒಬ್ಬೊಬ್ಬರಾಗಿ ಮಾಡಲಾರದವುಗಳು ಮಾತ್ರ ಸಾಕು. ನಮ್ಮಲ್ಲಿ ಪಟ್ಟಿಯಲ್ಲಿ ಇಲ್ಲದ್ದು ಕೇಂದ್ರಕ್ಕೆ ಹೋಗುತ್ತದೆ. ಲೋಕದ ಸರಕಾರದಲ್ಲಿ ಪಟ್ಟಿಯಲ್ಲಿ ಇಲ್ಲದ್ದು ಕೆಳಗಿನವರಲ್ಲಿಯೇ ಉಳಿಯಬೇಕು. ಎರಡನೆಯದು, ಪಟ್ಟಿಯ ಮೇರೆಯನ್ನು ಕಾಯುವ ನ್ಯಾಯಾಲಯ. ಅದು ಆ ಸರಕಾರಕ್ಕೂ, ಸದಸ್ಯ ರಾಷ್ಟ್ರಗಳಿಗೂ, ಅವುಗಳಲ್ಲಿ ಅತಿ ಬಲಿಷ್ಠವಾದದ್ದಕ್ಕೂ ಒಂದೇ ಅಳತೆಯಿಂದ ಅಳೆಯಬೇಕು. ಐವರನ್ನು ಬಿಟ್ಟು ಉಳಿದವರಿಗೆ ಕಾಯಿದೆ ಎಂಬದು ಕಾಯಿದೆಯಲ್ಲ. ಮೂರನೆಯದು, ಕೆಳಗಿನವನ ಫಿರ್ಯಾದು. ಮನುಷ್ಯನನ್ನು ಮನುಷ್ಯನಲ್ಲವೆಂದು ನಡಿಸುವಲ್ಲಿ ಅವನೇ ನೆಟ್ಟಗೆ ಮೇಲಿನ ಬಾಗಿಲನ್ನು ತಟ್ಟುವ ದಾರಿ ಇರಬೇಕು. ಕೊಲ್ಲುವದು, ದಾಸತ್ವ, ಜಾತಿವರ್ಣಗಳ ತಳ್ಳಿಕೆ, ಇವು ಯಾರ ಮನೆಯ ಮಾತೂ ಆಗಿರಬಾರದು. ಆದರೆ ಒಳಗೆ ಹೋಗುವದು ನ್ಯಾಯಾಲಯದ ಮಾತಿನಿಂದಲೇ, ಅವಧಿಯನ್ನು ಗೊತ್ತುಮಾಡಿಯೇ ಆಗಬೇಕು.

ಇಷ್ಟು ಕಡಿಮೆ ಅಧಿಕಾರದಿಂದ ಏನಾದೀತೆಂದು ಸಂಶಯಪಡುವವರಿಗೆ ಸಿಡುಬಿನ ಸಂಗತಿಯನ್ನು ಹೇಳುವೆನು. ನಮ್ಮ ಹಿರಿಯರ ಮುಖಗಳ ಮೇಲೆ ಅದರ ಕಲೆಗಳನ್ನು ಕಂಡವರು ಇನ್ನೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 1967ರಿಂದ ಆ ಒಂದೇ ಕೆಲಸವನ್ನು ಬಿಗಿಯಾಗಿ ಹಿಡಿಯಿತು. ಅದಕ್ಕೆ ದಂಡು ಇರಲಿಲ್ಲ, ಕಂದಾಯ ಎತ್ತುವ ಅಧಿಕಾರ ಇರಲಿಲ್ಲ. ಒಂದು ಪದ್ಧತಿ, ಔಷಧ, ಲೆಕ್ಕ, ಇಷ್ಟೇ. ಮನೆಮನೆಗೆ ಹೋಗಿ ದೇವಿ ಹಾಕಿದವರು ಆಯಾ ದೇಶದ, ಆಯಾ ಜಿಲ್ಹೆಯ ಜನರೇ. ಹಿಂದೂಸ್ಥಾನದಲ್ಲಿ 1975ರಲ್ಲಿಯೂ ಸೋಮಾಲಿಯದಲ್ಲಿ 1977ರಲ್ಲಿಯೂ ಆ ಬೇನೆಯು ನಿಂತು, 1980ರ ಮೇ 8ರಂದು ಅದು ಲೋಕದಿಂದಲೇ ಹೋಯಿತೆಂದು ಪ್ರಕಟಿಸಲ್ಪಟ್ಟಿತು. ಅಗಲ ಕಡಿಮೆ, ಆಳ ಹೆಚ್ಚು ಅಂದರೆ ಇದೇ.

ಮೋಶೆಯ ಮಾವನಾದ ಇತ್ರೋವನ ಬುದ್ಧಿವಾದವನ್ನೂ ಇಲ್ಲಿ ನೆನಸಬಹುದು. ಮುಂಜಾನೆಯಿಂದ ಸಂಜೆಯ ವರೆಗೆ ಎಲ್ಲರ ವ್ಯಾಜ್ಯಗಳನ್ನು ಒಬ್ಬನೇ ತೀರಿಸುತ್ತಿದ್ದ ಅಳಿಯನನ್ನು ಕಂಡು ಆ ಮುದುಕನು, ಸಾವಿರ, ನೂರು, ಐವತ್ತು, ಹತ್ತು ಮಂದಿಗಳ ಮೇಲೆ ಅಧಿಕಾರಿಗಳನ್ನು ನೇಮಿಸಿ, ಸಣ್ಣವುಗಳನ್ನು ಅವರಿಗೆ ಬಿಟ್ಟು, ಕಠಿಣವಾದವುಗಳನ್ನು ಮಾತ್ರ ತಾನು ತೆಗೆದುಕೊಳ್ಳಬೇಕೆಂದು ಹೇಳಿದನು. ಮೋಶೆಯು ಅನ್ಯಾಯಗಾರನಾಗಿರಲಿಲ್ಲ, ಆದರೂ ಎಲ್ಲವೂ ಅವನ ಕೈಯಲ್ಲಿರುವದು ಅವನಿಗೂ ಜನರಿಗೂ ಕೇಡಾಗಿತ್ತು. ಮೇಲಿನವನು ಒಳ್ಳೆಯವನಾಗಿದ್ದರೂ ಎಲ್ಲವನ್ನೂ ತಾನೇ ಮಾಡಿದರೆ, ಕೆಳಗಿನವರು ನ್ಯಾಯವನ್ನು ಮಾಡಲು ಕಲಿಯುವದೇ ಇಲ್ಲ. ಕಲಿಯದ ಜನರು ಮುಂದೆ ಕೆಟ್ಟವನು ಬಂದಾಗ ಅವನನ್ನು ತಡೆಯಲಾರರು.

ಲೋಕದ ಸರಕಾರವು ನಮ್ಮ ಕಾಲದಲ್ಲಿ ಬರುವದೋ ಇಲ್ಲವೋ, ಅದನ್ನು ಕಟ್ಟಲು ಬೇಕಾದ ಅಭ್ಯಾಸವನ್ನು ಮಾತ್ರ ಈ ಸೀಮೆಯಲ್ಲಿಯೇ ಮಾಡಬಹುದು. 1993ರ ಪಂಚಾಯತ್ ರಾಜ್ ಕಾಯಿದೆಯ ಮೂಲಕ ಗ್ರಾಮಸಭೆಯು ಪ್ರತಿ ಹಳ್ಳಿಯ ಮತದಾರರಿಗೆ ಕೊಡಲ್ಪಟ್ಟಿದೆ. ಅಲ್ಲಿಗೆ ಹೋಗಿರಿ, ಹೆಂಗಸರೂ ಹೋಗಲಿ. ಪಂಚಾಯತಿಯು ತನ್ನದಲ್ಲದ ವಿಷಯಕ್ಕೆ ಕೈಹಾಕಿದರೆ ಇದು ನಿನ್ನ ಮೇರೆಯಲ್ಲವೆಂದು ಹೇಳಿರಿ. ಅದೇ ಬಾಯಿಂದ, ಕೊನೆಯ ಕೇರಿಯ ನಲ್ಲಿಗೆ ನೀರು ಬಂತೋ, ಕಾಲುವೆಯ ಕೊನೆಯ ಹೊಲಕ್ಕೆ ಪಾಳಿ ಸಿಕ್ಕಿತೋ ಎಂದೂ ಕೇಳಿರಿ. ಮೊದಲಿನ ಹೊಲವು ನಿಮ್ಮದೇ ಆಗಿದ್ದರೆ, ಯಾರೂ ನೋಡದ ರಾತ್ರಿಯಲ್ಲಿಯೂ ಒಡ್ಡನ್ನು ಒಡೆಯಬೇಡಿರಿ. ರಾಷ್ಟ್ರಗಳು ಒಂದರ ಸಂಗಡ ಒಂದು ಮಾಡಬೇಕಾದದ್ದು ಇದಕ್ಕಿಂತ ದೊಡ್ಡದೇನೂ ಅಲ್ಲ.